ಕಿರುಚುವ ಹುಡುಗನ ಮೌನ

ಕೆ.ಆರ್. ಪುರದ ತೂಗುಸೇತುವೆ ದಾಟಿ, ರೈಲು ಹಳಿಯ ಪಕ್ಕದಲ್ಲೇ ಸಾಗುವ ಗಲ್ಲಿಯಲ್ಲಿ ಎರಡನೇ ಮಹಡಿಯ ಒಂದು ಕೋಣೆ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ನೀರಿನ ಟ್ಯಾಂಕು. ಹಳೇ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಹಗ್ಗದಲ್ಲಿ ಬಿಗಿದಿದ್ದಾರೆ. ಬಾಗಿಲ ಸಂದಿಗೆ ಚಾಪೆ ತುರುಕಿದ್ದಾರೆ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಇಂಥ ಕೋಣೆಗೆ ಹುಡುಗರು 'ಜ್ಯಾಮ್ ರೂಮ್' ಅನ್ನುತ್ತಾರೆ. ನಮ್ಮಣ್ಣನ ಮಗ ಮತ್ತು ಅವನ ನಾಲ್ವರು ಗೆಳೆಯರು ತಮ್ಮ ಮೊದಲ ಆಲ್ಬಂಗೆ ಅಲ್ಲಿ ಹಾಡು ಮುದ್ರಿಸಿಕೊಳ್ಳುತ್ತಿದ್ದರು. ಚಿಕ್ಕಪ್ಪ ಬಂದು ಸಂಗೀತ ಕೇಳಲಿ ಎಂದೇನೂ ನನ್ನನ್ನು ಕರೆದಿರಲಿಲ್ಲ. ಗಿಟಾರಿನ ಆಂಪು ಹೊತ್ತು ತರಲು ಅವರಿಗೊಂದು ಕಾರು ಬೇಕಿತ್ತು.

ಏಪ್ರಿಲ್ ತಿಂಗಳ ಮಧ್ಯಾಹ್ನ. ಸದ್ದು ಮಾಡುತ್ತದೆಂದು ಫ್ಯಾನನ್ನೂ ಆರಿಸಿದ್ದರು. ನಮ್ಮ ಹುಡುಗ ಮೈಕಿನ ಮುಂದೆ ನಿಂತ. ಒಂದು ಗುಟುಕು ಬೆಚ್ಚನೆ ನೀರು ಕುಡಿದ, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡ, ಬಾಯಿ ತೆರೆದ. ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. ಯಾರೋ ಯಾರನ್ನೋ ಕೊಲ್ಲುತ್ತಿರುವಂಥ ಕೂಗು. ಇಪ್ಪತ್ತು ಸೆಕೆಂಡು ಆದ ಮೇಲೆ ಅವನು ತಣ್ಣಗೆ ತಿರುಗಿ, "ಓಕೆನಾ?" ಅಂದ. ಲ್ಯಾಪ್‌ಟಾಪ್ ಮುಂದಿದ್ದವನು ಹೆಬ್ಬೆರಳು ಎತ್ತಿದ. ಒಂದೇ ಟೇಕಿಗೆ ಮುಗಿಯಿತು.

ಕಷ್ಟ ಶುರುವಾದದ್ದು ಆಮೇಲೆ. ಅದೇ ಹಾಡಿನ ನಡುವೆ ನಾಲ್ಕು ಸಾಲುಗಳನ್ನು ಇನ್ನೊಬ್ಬ ಹುಡುಗ ಮೆಲ್ಲಗೆ, ಹೆಚ್ಚುಕಡಿಮೆ ಜೋಗುಳದ ದನಿಯಲ್ಲಿ ಹಾಡಬೇಕಿತ್ತು. ಮೊದಲ ಸಲ ಮೂರನೇ ಸಾಲಿಗೆ ಬರುವಷ್ಟರಲ್ಲಿ ಹತ್ತಿರದ ರೈಲ್ವೆ ಲೋಕೋ ಶೆಡ್ ಕಡೆಯಿಂದ ಎಂಜಿನ್ನಿನ ಹಾರ್ನು. ಎರಡನೇ ಸಲ ಪಕ್ಕದ ಮನೆಯ ಕುಕ್ಕರ್. ಮೂರನೇ ಸಲ ತರಕಾರಿ ಗಾಡಿಯವನ ಮೈಕು, ಈರುಳ್ಳಿ ಎರಡು ಕೇಜಿಗೆ ಎಷ್ಟೆಂದು ಹಾಡಿನ ಒಳಗೇ ಬಂದು ಸಾರಿತು. ಕೊನೆಗೆ ಏಳನೇ ಟೇಕು ದಕ್ಕಿತು. ಅಷ್ಟರಲ್ಲಿ ಸಂಜೆಯಾಗಿತ್ತು.

"ಅವನು ಕೂಗುವಾಗ ಒಂದು ಸಲವೂ ರೈಲು ಬರಲಿಲ್ಲವಲ್ಲ, ಅದೃಷ್ಟವಂತ" ಅಂದೆ. ಲ್ಯಾಪ್‌ಟಾಪಿನ ಹುಡುಗ ನಕ್ಕ. "ಬಂತು ಅಂಕಲ್. ಅದರಲ್ಲೂ ಹಾರ್ನ್ ಇದೆ. ಅವನ ಸದ್ದಲ್ಲಿ ಮುಚ್ಚಿಹೋಗಿದೆ, ಯಾರಿಗೂ ಕೇಳಿಸಲ್ಲ."

ಈ ಊರಲ್ಲಿ ಕಿರುಚುವುದು ಸುಲಭ, ಮೆಲ್ಲಗೆ ಹಾಡುವುದೇ ಕಷ್ಟ. ಆ ಮಧ್ಯಾಹ್ನ ಹೊಳೆದ ಈ ಮಾತಿನ ಬೆನ್ನು ಹತ್ತಿಯೇ ನಾನು ಅವರ ಸಂಗೀತಕ್ಕೆ ಬಂದದ್ದು.

ಭಾಗವತರೂ ಬಣ್ಣದ ವೇಷವೂ

ಅವರ ಸಂಗೀತಕ್ಕೆ 'ಪೋಸ್ಟ್-ಹಾರ್ಡ್‌ಕೋರ್' ಅಂತ ಹೆಸರು. ಅದರ ಲಕ್ಷಣ ಸರಳ: ಒಂದೇ ಹಾಡಿನಲ್ಲಿ ಎರಡು ಬಗೆಯ ಗಾಯನ. ಒಂದು ರಾಗವಾಗಿ, ಶ್ರುತಿಗೆ ಸೇರಿ, ಪದ ಬಿಡಿಸಿ ಹಾಡುವ ದನಿ. ಹುಡುಗರ ಮಾತಲ್ಲಿ 'ಕ್ಲೀನ್'. ಇನ್ನೊಂದು ರಾಗವಿಲ್ಲದೆ ಲಯವೊಂದನ್ನೇ ಹಿಡಿದು ಹೊಮ್ಮುವ ಕೂಗು, ಅದು 'ಸ್ಕ್ರೀಮ್'. ಕೆಲವು ಬ್ಯಾಂಡುಗಳಲ್ಲಿ ಇಬ್ಬರು ಹಂಚಿಕೊಳ್ಳುತ್ತಾರೆ, ಕೆಲವದರಲ್ಲಿ ಒಬ್ಬನೇ ಎರಡನ್ನೂ ನಿಭಾಯಿಸುತ್ತಾನೆ. ಗಿಟಾರುಗಳೂ ಹಾಗೆಯೇ. ಒಮ್ಮೆ ತಂತಿಗಳನ್ನು ಒಂದೊಂದಾಗಿ ಮಿಡಿಯುತ್ತವೆ, ಮರುಗಳಿಗೆಯಲ್ಲಿ ಗೋಡೆ ಕುಸಿದ ಹಾಗೆ ಬೀಳುತ್ತವೆ. ಆರನೇ ತಂತಿಯನ್ನು ಮಾಮೂಲಿಗಿಂತ ಸಡಿಲಿಸಿ ಇನ್ನೂ ಕೆಳಗಿನ ಸ್ವರಕ್ಕೆ ಇಳಿಸಿಕೊಳ್ಳುವುದು ವಾಡಿಕೆ. ಸೆಕೆಂಡಿಗೆ ಸುಮಾರು 82 ಸಲ ಕಂಪಿಸುವ ತಂತಿ 73ಕ್ಕೋ 65ಕ್ಕೋ ಇಳಿಯುತ್ತದೆ. ಆಗ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ.

ಮೊದಲ ಸಲ ಕೇಳಿದವರ ದೂರು ಒಂದೇ: ಇಷ್ಟು ಚೆನ್ನಾಗಿ ಹಾಡೋಕೆ ಬರುತ್ತಲ್ಲ, ಮಧ್ಯೆ ಯಾಕೆ ಹಾಗೆ ಅರಚಿಕೊಳ್ಳುತ್ತಾರೆ?

ಉತ್ತರಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ, ಕರಾವಳಿಯ ಒಂದು ಬಯಲಾಟದ ರಾತ್ರಿ ಸಾಕು. ಭಾಗವತರು ಹಾಡುತ್ತಿರುತ್ತಾರೆ. ತೆರೆ ಹಿಡಿದಿರುತ್ತಾರೆ. ತೆರೆಯ ಹಿಂದಿನಿಂದ ಬಣ್ಣದ ವೇಷದ ಆರ್ಭಟ ಏಳುತ್ತದೆ. ಮಾತಲ್ಲ, ಹಾಡಲ್ಲ, ಬರಿಯ ಕಂಠದ ಗರ್ಜನೆ. ಚೆಂಡೆ ಅದಕ್ಕೆ ಜೊತೆಯಾಗುತ್ತದೆ. ನಿದ್ದೆ ತೂಗುತ್ತಿದ್ದ ಮಕ್ಕಳು ಎದ್ದು ಕೂರುತ್ತಾರೆ. 'ಈ ರಾಕ್ಷಸನಿಗೆ ರಾಗ ಬರುವುದಿಲ್ಲವೇ' ಎಂದು ಯಾರೂ ಕೇಳಿದ್ದಿಲ್ಲ. ಭಾಗವತರ ಪದಕ್ಕೂ ಆ ಅಟ್ಟಹಾಸಕ್ಕೂ ಒಂದೇ ರಂಗದಲ್ಲಿ ಜಾಗವಿದೆಯೆಂದು ನಮ್ಮ ಕಿವಿಗೆ ಎಂದೋ ಗೊತ್ತು. ಅಟ್ಟಹಾಸ ನಿಂತ ಮೇಲೆ ಬರುವ ಪದ ಹೆಚ್ಚು ಇಂಪಾಗಿ ಕೇಳುತ್ತದೆ ಎನ್ನುವುದೂ ಗೊತ್ತು.

ಆದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. ಯಕ್ಷಗಾನದಲ್ಲಿ ಅಬ್ಬರಿಸುವವನು ಬೇರೆ, ಹಾಡುವವನು ಬೇರೆ; ಅಬ್ಬರ ರಾಕ್ಷಸನ ಪಾಲಿನದು. ಪೋಸ್ಟ್-ಹಾರ್ಡ್‌ಕೋರ್‌ನಲ್ಲಿ ಅಬ್ಬರಿಸುವವನೂ ಹಾಡುವವನೂ ಒಬ್ಬನೇ ಮನುಷ್ಯ, ಗಂಟಲು ಎರಡಿದ್ದಾಗಲೂ. ಮನೆಯಲ್ಲಿ ಹೇಳಲಾಗದೆ ನುಂಗಿಕೊಂಡದ್ದು ಕೂಗಾಗಿ ಬರುತ್ತದೆ, ಹೇಳಬಹುದಾದದ್ದು ಹಾಡಾಗಿ. ಇಲ್ಲಿ ಬಣ್ಣದ ವೇಷ ಹೊರಗಿನಿಂದ ಬರುವುದಿಲ್ಲ. ಭಾಗವತರ ಒಳಗೇ ಕೂತಿರುತ್ತದೆ.

ಗಂಟಲೊಳಗಿನ ಕಸುಬು

"ಚಿಕ್ಕಪ್ಪ, ಅದು ಕಿರುಚೋದಲ್ಲ" ಅಂತ ನಮ್ಮ ಹುಡುಗ ನನ್ನನ್ನು ತಿದ್ದಿದ್ದ. "ಕಿರುಚಿದ್ರೆ ನಾಳೆಗೆ ಗಂಟಲು ಹೋಗಿರುತ್ತೆ. ನಾನು ವಾರಕ್ಕೆ ನಾಲ್ಕು ದಿನ ಮಾಡ್ತೀನಿ."

ನಾವು ಮಾತಾಡುವಾಗ ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳು ಒಂದಕ್ಕೊಂದು ತಾಗಿ ಕಂಪಿಸುತ್ತವೆ. ಗಂಡಸಿನ ಮಾತಿನಲ್ಲಿ ಸೆಕೆಂಡಿಗೆ ನೂರು ನೂರಿಪ್ಪತ್ತು ಸಲ, ಹೆಂಗಸಿನಲ್ಲಿ ಇನ್ನೂರರ ಆಸುಪಾಸು. ಹಾಡುವಾಗ ಈ ಕಂಪನ ಹದವಾಗಿ, ಸಮವಾಗಿ ನಡೆಯುತ್ತದೆ. ಆದ್ದರಿಂದಲೇ ಸ್ವರ ಗುರುತು ಸಿಗುತ್ತದೆ. ಈ ತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ, ಹುಸಿ ಧ್ವನಿತಂತುಗಳು. ದಿನದ ಮಾತಿನಲ್ಲಿ ಅವಕ್ಕೆ ಕೆಲಸವಿಲ್ಲ. ಕೆಮ್ಮುವಾಗ, ಭಾರ ಎತ್ತುವಾಗ, ನುಂಗುವಾಗ ಗಂಟಲನ್ನು ಬಿಗಿಯುವುದು ಅವುಗಳ ಪಾಲು. ಪಳಗಿದ ಸ್ಕ್ರೀಮ್ ಹಾಡುಗಾರ ಕಂಪನವನ್ನು ಈ ಮೇಲಿನ ಮಡಿಕೆಗಳಿಗೆ ದಾಟಿಸುತ್ತಾನೆ. ಅವು ಏರುಪೇರಾಗಿ ಅದುರುತ್ತವೆ, ಅದರಿಂದ ಆ ಗೊರಗೊರ ಹುಟ್ಟುತ್ತದೆ. ಕೆಳಗಿನ ನಿಜ ತಂತುಗಳ ಮೇಲೆ ಹೊರೆ ಬೀಳದಂತೆ ಉಸಿರನ್ನು ವಪೆಯಿಂದ, ಹೊಟ್ಟೆಯ ಸ್ನಾಯುಗಳಿಂದ ಅಳೆದು ಬಿಡಬೇಕು. ಕೈ ಹೊಟ್ಟೆಯ ಮೇಲೆ ಇದ್ದದ್ದು ಅದಕ್ಕೇ.

ಮಂಗೋಲಿಯದ ಗಡಿಯಾಚೆಯ ತುವಾ ಪ್ರದೇಶದ ಕುರಿಗಾಹಿಗಳು ಇದೇ ಹುಸಿ ತಂತುಗಳನ್ನು ಬಳಸಿ ತಲೆಮಾರುಗಳಿಂದ ಹಾಡುತ್ತಿದ್ದಾರೆ. ಅವರ 'ಕಾರ್ಗಿರಾ' ಶೈಲಿಯಲ್ಲಿ ಮೇಲಿನ ಮಡಿಕೆ ಕೆಳಗಿನದರ ಅರ್ಧ ವೇಗದಲ್ಲಿ ಕಂಪಿಸಿ, ಸ್ವರಕ್ಕೆ ಒಂದು ಸ್ಥಾಯಿ ಕೆಳಗಿನ ಗುಡುಗು ಸೇರಿಸುತ್ತದೆ. ನ್ಯೂಯಾರ್ಕಿನ ಗಾಯನ ಶಿಕ್ಷಕಿ ಮೆಲಿಸ್ಸಾ ಕ್ರಾಸ್ 2005ರಲ್ಲಿ 'ದಿ ಜೆನ್ ಆಫ್ ಸ್ಕ್ರೀಮಿಂಗ್' ಎಂಬ ಪಾಠದ ಡಿವಿಡಿ ತಂದ ಮೇಲೆ, ಗಂಟಲು ಕೆಡಿಸಿಕೊಳ್ಳದೆ ಕೂಗುವುದೂ ಕಲಿಯಬಹುದಾದ ವಿದ್ಯೆ ಎಂಬ ಮಾತು ಎಲ್ಲೆಡೆ ಹಬ್ಬಿತು. ನಮ್ಮ ಹುಡುಗನೂ ಬೆಳಿಗ್ಗೆ ಎದ್ದು ತುಟಿ ನಡುಗಿಸುತ್ತಾ, ಗುಂಯ್‌ಗುಟ್ಟುತ್ತಾ ಇಪ್ಪತ್ತು ನಿಮಿಷ ಸಾಧನೆ ಮಾಡುತ್ತಾನೆ. ಮುಂಜಾನೆ ಮಂದ್ರ ಸಾಧನೆ ಮಾಡುವ ಮಲ್ಲೇಶ್ವರದ ಹುಡುಗಿಯ ದಿನಚರಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ನನಗೆ ಕಾಣಲಿಲ್ಲ. ಮೊಸರು, ಐಸ್ ಕ್ರೀಮು ಇಬ್ಬರಿಗೂ ವರ್ಜ್ಯ.

ವಾಷಿಂಗ್ಟನ್ನಿನಿಂದ ಬ್ರಿಗೇಡ್ ರಸ್ತೆಗೆ

ಈ ಸಂಗೀತದ ಬೇರು 1980ರ ದಶಕದ ವಾಷಿಂಗ್ಟನ್ ಡಿ.ಸಿ.ಯಲ್ಲಿದೆ. ಆಗ ಅಲ್ಲಿ 'ಹಾರ್ಡ್‌ಕೋರ್ ಪಂಕ್' ಜೋರಾಗಿತ್ತು. ಒಂದೆರಡು ನಿಮಿಷದ ಹಾಡು, ನಾಗಾಲೋಟದ ಲಯ, ಲೋಕದ ಮೇಲೆಲ್ಲ ಸಿಟ್ಟು. ಸ್ವಲ್ಪ ವರ್ಷಕ್ಕೆ ಆ ಸಿಟ್ಟೇ ಒಂದು ಸಮವಸ್ತ್ರವಾಯಿತು. 1985ರಲ್ಲಿ 'ರೈಟ್ಸ್ ಆಫ್ ಸ್ಪ್ರಿಂಗ್' ಎಂಬ ತಂಡ ತನ್ನ ಆಲ್ಬಂನಲ್ಲಿ ಆ ಸಿಟ್ಟನ್ನು ಒಳಮುಖ ಮಾಡಿತು. ಸರ್ಕಾರವನ್ನು ಬೈಯುತ್ತಿದ್ದ ದನಿ ತನ್ನದೇ ನೋವಿಗೆ, ಕಳೆದುಹೋದ ಗೆಳೆತನಕ್ಕೆ ಒಡೆಯತೊಡಗಿತು. ದನಿ ಒಡೆದ ಆ ಬಿರುಕಿನಲ್ಲಿ ರಾಗ ನುಸುಳಿತು. ಅದೇ ಊರಿನ 'ಫುಗಾಜಿ' ತಂಡ ಸದ್ದಿನ ಜೊತೆ ನಿಶ್ಶಬ್ದವನ್ನೂ ವಾದ್ಯದಂತೆ ಬಳಸಿತು. ತಮ್ಮ ಕಾರ್ಯಕ್ರಮದ ಟಿಕೆಟ್ಟು ಐದು ಡಾಲರ್ ಮೀರಬಾರದು, ಎಲ್ಲ ವಯಸ್ಸಿನವರಿಗೂ ಪ್ರವೇಶ ಇರಬೇಕು ಎಂದು ಹಟ ಹಿಡಿದ ತಂಡ ಅದು. ಸ್ವೀಡನ್ನಿನ 'ರೆಫ್ಯೂಸ್ಡ್' 1998ರಲ್ಲಿ, ಟೆಕ್ಸಸ್‌ನ 'ಅಟ್ ದ ಡ್ರೈವ್-ಇನ್' 2000ದಲ್ಲಿ ಈ ದಾರಿಯನ್ನು ಇನ್ನಷ್ಟು ಅಗಲ ಮಾಡಿದವು.

ಎರಡು ದನಿಗಳ ಹಂಚಿಕೆ ನಿಚ್ಚಳವಾಗಿ ಕಾಣುವುದು ಕೆನಡಾದ 'ಅಲೆಕ್ಸಿಸ್‌ಆನ್‌ಫೈರ್' ತಂಡದ ಮೊದಲ ಆಲ್ಬಂನಲ್ಲಿ. 2002ರ ಅಕ್ಟೋಬರ್ 31ರಂದು ತಂಡದ ಹೆಸರಿನಲ್ಲೇ ಅದು ಬಂತು. ಜಾರ್ಜ್ ಪೆಟಿಟ್ ಕೂಗುತ್ತಾನೆ, ಡಲ್ಲಾಸ್ ಗ್ರೀನ್ ಹಾಡುತ್ತಾನೆ. ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಒಬ್ಬನ ವಾಕ್ಯವನ್ನು ಇನ್ನೊಬ್ಬ ಕಸಿಯುತ್ತಾನೆ. ಮುದ್ರಣ ಒರಟು. ಮುಂದಿನ ಆಲ್ಬಂಗಳಲ್ಲಿ ಅವರು ಪಳಗಿದರು, ಗೆದ್ದರು. ಡಲ್ಲಾಸ್ ಗ್ರೀನ್ ತನ್ನ ಹೆಸರಿನಲ್ಲಿದ್ದ ಊರು ಮತ್ತು ಬಣ್ಣವನ್ನೇ ಕಿತ್ತು 'ಸಿಟಿ ಅಂಡ್ ಕಲರ್' ಎಂಬ ಹೆಸರಿನಲ್ಲಿ ಬರಿಯ ಗಿಟಾರ್ ಹಿಡಿದು ಮೆಲ್ಲನೆಯ ಹಾಡುಗಳನ್ನೂ ಹಾಡಿದ. ಆದರೂ ಆ ಮೊದಲ ಆಲ್ಬಂನ ಜಗಳ ಬೇರೆಯೇ. ಮೊದಲ ಆಲ್ಬಂನಲ್ಲಿ ಎರಡು ದನಿಗಳಿಗೆ ಇನ್ನೂ ರಾಜಿಯಾಗಿರುವುದಿಲ್ಲ. ಯಾರ ಸರದಿ ಯಾವಾಗ ಎಂಬ ಒಪ್ಪಂದವಿಲ್ಲ. ಹೊಸದಾಗಿ ಸಂಸಾರ ಹೂಡಿದವರ ಮನೆಯ ಹಾಗೆ, ಸಾಮಾನು ಎಲ್ಲಿಡಬೇಕೆಂದೇ ಗೊತ್ತಿಲ್ಲದ ಗದ್ದಲ. ಈ ಬಗೆಯ ಸಂಗೀತ ಕೇಳುವವರು ಮತ್ತೆ ಮತ್ತೆ ಮೊದಲ ಆಲ್ಬಂಗೆ ಮರಳುವುದು ಈ ಗದ್ದಲಕ್ಕಾಗಿ ಎಂದು ನನ್ನ ಅನಿಸಿಕೆ.

ಬೆಂಗಳೂರಿನ ಹುಡುಗರಿಗೆ ಈ ಬಾಗಿಲು ತೆರೆದದ್ದು ಸ್ವಲ್ಪ ಬೇರೆ ಕಡೆಯಿಂದ. 2000ದ ಅಕ್ಟೋಬರಿನಲ್ಲಿ ಲಿಂಕಿನ್ ಪಾರ್ಕ್ ತಂಡದ ಮೊದಲ ಆಲ್ಬಂ 'ಹೈಬ್ರಿಡ್ ಥಿಯರಿ' ಬಂತು. ಪಂಡಿತರ ಲೆಕ್ಕದಲ್ಲಿ ಅದು ಪೋಸ್ಟ್-ಹಾರ್ಡ್‌ಕೋರ್ ಅಲ್ಲ. ಆದರೆ ತಂಡದ ಹಾಡುಗಾರ ಚೆಸ್ಟರ್ ಬೆನ್ನಿಂಗ್ಟನ್ ಒಂದೇ ಗಂಟಲಿನಲ್ಲಿ ತೊಟ್ಟಿಲೂ ತೂಗುತ್ತಿದ್ದ, ಗುಡುಗೂ ಗುಡುಗುತ್ತಿದ್ದ. ಬ್ರಿಗೇಡ್ ರಸ್ತೆಯ ಮ್ಯೂಸಿಕ್ ವರ್ಲ್ಡ್‌ನಲ್ಲಿ ಕ್ಯಾಸೆಟ್ಟು, ಸಿ.ಡಿ. ಕೊಂಡವರು, ಕೊಳ್ಳಲಾಗದೆ ಹಾಸ್ಟೆಲ್ ಕಂಪ್ಯೂಟರಿನಿಂದ ನಕಲು ಮಾಡಿಕೊಂಡವರು, ಒಂದು ತಲೆಮಾರೇ ಅದನ್ನು ಬಾಯಿಪಾಠ ಮಾಡಿತು. ಆಮೇಲೆ ಅರಮನೆ ಮೈದಾನದಲ್ಲಿ ಹೊರದೇಶದ ಮೆಟಲ್ ತಂಡಗಳ ರಾತ್ರಿಗಳು ಬಂದವು. 2007ರ ಮಾರ್ಚ್ 17ರಂದು ಐರನ್ ಮೇಡನ್, 2010ರ ಮೇ ತಿಂಗಳಲ್ಲಿ ಲ್ಯಾಂಬ್ ಆಫ್ ಗಾಡ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ.

ದಂಡಿನ ಕಿವಿ

ಹಲಸೂರಿನವನಾದ ನನಗೆ ಇನ್ನೂ ಹಿಂದಿನ ಕಥೆ ನೆನಪಾಗುತ್ತದೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದ ಮೇಲೆ ಒಂದೇ ಊರಿಗೆ ಎರಡು ಕಿವಿ ಮೂಡಿದವು. ಪೇಟೆಯ ಕಡೆ ನಾಗಸ್ವರ, ಹರಿಕಥೆ, ರಾಮನವಮಿಯ ಕಛೇರಿ. ದಂಡಿನ ಕಡೆ ಪಲ್ಟನ್ನಿನ ಬ್ಯಾಂಡು, ಚರ್ಚಿನ ಆರ್ಗನ್ನು, ಆಂಗ್ಲೋ-ಇಂಡಿಯನ್ ಮನೆಗಳ ಪಿಯಾನೋ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು ಮಾತ್ರ 1947ರವರೆಗೆ ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆ, ದಂಡುಗಳ ಎರಡೂ ಪುರಸಭೆಗಳು ಒಂದಾದದ್ದು 1949ರಲ್ಲಿ. ಆದರೆ ಶಿವಾಜಿನಗರ, ಹಲಸೂರಿನ ಬೀದಿಗಳಲ್ಲಿ ಸದ್ದುಗಳು ಸರ್ಕಾರಿ ಆದೇಶಕ್ಕಾಗಿ ಕಾದು ಕೂರಲಿಲ್ಲ. ಸೆಪ್ಟೆಂಬರ್ 8ರ ಸೇಂಟ್ ಮೇರೀಸ್ ಬೆಸಿಲಿಕಾ ಜಾತ್ರೆಯ ತೇರಿನ ಹಿಂದೆ ಪ್ರಾರ್ಥನೆಯ ಕೂಗು, ಸೋಮೇಶ್ವರನ ಹೂವಿನ ಪಲ್ಲಕ್ಕಿಗಳ ರಾತ್ರಿ ತಮಟೆ, ಮಸೀದಿಯ ಬಾಂಗು, ಮದ್ರಾಸ್ ಸ್ಯಾಪರ್‌ಗಳ ಮೈದಾನದಿಂದ ಬೆಳಗಿನ ಕಹಳೆ. ಬೆಂಕಿಗೆ ಚರ್ಮ ಕಾಯಿಸಿ ಬಿಗಿಮಾಡಿಕೊಂಡ ತಮಟೆ ಹತ್ತಡಿ ದೂರದಲ್ಲಿ ಬಡಿದದ್ದನ್ನು ಕೇಳಿದವರಿಗೆ ಡ್ರಮ್ಮಿನ ಜೋಡಿ ಪೆಡಲಿನ ಹೊಡೆತ ಹೊಸದೆನಿಸುವುದಿಲ್ಲ.

ಬೆಂಗಳೂರಿನ ಮೆಟಲ್ ಸಂಗೀತಕ್ಕೆ ಮೂವತ್ತು ವರ್ಷ ಮೀರಿದ ಇತಿಹಾಸವಿದೆ. 'ಡೈಯಿಂಗ್ ಎಂಬ್ರೇಸ್' ತಂಡ 1991ರಲ್ಲೇ ಶುರುವಾಗಿತ್ತು. 1998ರಲ್ಲಿ ಹುಟ್ಟಿದ 'ಕ್ರಿಪ್ಟೋಸ್' ತನ್ನ ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್' ಅನ್ನು 2004ರಲ್ಲಿ ತಂದಿತು, 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಏರಿತು. ಅದರ ಹಾಡುಗಾರ ನೋಲನ್ ಲೂಯಿಸ್‌ನ ಗಂಟಲು ಹಾಡಿನುದ್ದಕ್ಕೂ ಕರಕಲು. ಇಂಪಿನ ಪಾಲನ್ನು ಅವರು ಜೋಡಿ ಗಿಟಾರುಗಳಿಗೆ ಬಿಟ್ಟುಕೊಟ್ಟಿದ್ದಾರೆ. 'ಬೇವರ್ ಸೀ' 2012ರಲ್ಲಿ ತಂಡದ ಹೆಸರಿನಲ್ಲೇ ಮೊದಲ ಆಲ್ಬಂ ತಂದಿತು. ಇಂಗ್ಲಿಷ್ ಕಾಗುಣಿತದಲ್ಲಿ ಸಮುದ್ರದ ಹಾಗೆ ಕಾಣುವ ಆ ಹೆಸರನ್ನು ಒಮ್ಮೆ ಜೋರಾಗಿ ಓದಿ. ವಿದೇಶಿ ಪತ್ರಿಕೆಗಳು ಗಂಭೀರವಾಗಿ ಅಚ್ಚು ಮಾಡಿದ ಕನ್ನಡದ ಬೈಗುಳ ಅದೊಂದೇ ಇರಬೇಕು.

ಕೂಗು ಮತ್ತು ರಾಗ ಜೊತೆಗೂಡಿದ ಮೊದಲ ಆಲ್ಬಂಗಳಿಗೆ ಎರಡು ಉದಾಹರಣೆ ಕೊಡುತ್ತೇನೆ. ಒಂದು, ಬೆಂಗಳೂರಿನ ಕ್ರೈಸ್ತ ಮೆಟಲ್‌ಕೋರ್ ತಂಡ 'ಫೈನಲ್ ಸರೆಂಡರ್'ನ 'ಎಂಪ್ಟಿ ಗ್ರೇವ್ಸ್'. ಖಾಲಿ ಸಮಾಧಿಗಳು ಎಂಬ ಹೆಸರಿನ ಅರ್ಥ ಈಸ್ಟರ್ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ದೇವರ ಹೆಸರಲ್ಲಿ ಹೀಗೆ ಅರಚುವುದೇ ಎಂದು ಹುಬ್ಬೇರಿಸುವವರು ಬೆಸಿಲಿಕಾ ಜಾತ್ರೆಯ ದಿನ ಶಿವಾಜಿನಗರಕ್ಕೆ ಬಂದು ನೋಡಬೇಕು. ಮೊಣಕಾಲೂರಿ ಮೆಲ್ಲಗೆ ಪ್ರಾರ್ಥಿಸುವ ತಾಯಿಯ ಪಕ್ಕದಲ್ಲೇ ಎದೆ ಒಡೆಯುವಂತೆ ಕೂಗಿ ಬೇಡಿಕೊಳ್ಳುವ ತಾಯಿಯೂ ಇರುತ್ತಾಳೆ. ಬೇಡಿಕೆ ಇಬ್ಬರದೂ ಒಂದೇ.

ಇನ್ನೊಂದು, 'ಪ್ರಾಜೆಕ್ಟ್ ಮಿಶ್ರಂ' ತಂಡ 2021ರಲ್ಲಿ ತಂದ 'ಮೆಸೊ'. ಇಲ್ಲಿ ಇಂಪಿನ ದನಿ ಬಂದಿರುವುದು ಕಛೇರಿಯಿಂದ. ಶಿವರಾಜ್ ನಟರಾಜ್ ಅವರ ಕರ್ನಾಟಕ ಸಂಗೀತದ ಗಾಯನ ಗಮಕ ಬಿಡಿಸುತ್ತಾ ಏರುತ್ತದೆ, ಅದರ ಅಡಿಯಿಂದ ಗಿಟಾರು ಗುಡುಗುತ್ತದೆ, ಗೊರಗೊರ ಗಂಟಲು ಎದ್ದು ಬಂದು ಜಾಗ ಕೇಳುತ್ತದೆ. ಇದಕ್ಕೆ ಅವರು ಕೊಡುವ ಹೆಸರು ಪ್ರೊಗ್ರೆಸಿವ್ ಮೆಟಲ್. ನನಗೆ ಅದು ಪೇಟೆಯ ಕಿವಿಯೂ ದಂಡಿನ ಕಿವಿಯೂ ಒಂದೇ ತಲೆಗೆ ಅಂಟಿಕೊಂಡ ಹಾಗೆ ಕೇಳಿತು. ಗಮಕವೆಂದರೆ ಸ್ವರವನ್ನು ನಿಂತಲ್ಲಿ ನಿಲ್ಲಗೊಡದೆ ಅಲುಗಿಸುವುದು. ಅದೇ ಅಲುಗಾಟ ಹದ್ದು ಮೀರಿದರೆ ಕೂಗಾಗುತ್ತದೆ. ಎರಡರ ನಡುವೆ ನಾವು ಅಂದುಕೊಂಡಷ್ಟು ದೊಡ್ಡ ಬೇಲಿಯಿಲ್ಲ.

'ಲೈವ್ ಬ್ಯಾಂಡ್' ಎಂಬ ಮಾತು

ಆಲ್ಬಂ ಆದ ಮೇಲೆ ಅದನ್ನು ಜನರ ಮುಂದೆ ನುಡಿಸಬೇಕಲ್ಲ. ನಮ್ಮ ಹುಡುಗರು ಶಾಲೆಯಲ್ಲಿದ್ದಾಗ ಇಂದಿರಾನಗರ ಇದಕ್ಕೆ ಹೆಸರಾಗಿತ್ತು. ನೂರಡಿ ರಸ್ತೆಯಲ್ಲಿ ಬಿ-ಫ್ಲ್ಯಾಟ್ ಎಂಬ ಬಾರು ಇತ್ತು. 2013ರಲ್ಲಿ ಆರಂಭವಾದ 'ಹಮ್ಮಿಂಗ್ ಟ್ರೀ' ಊರಿನ, ಪರವೂರಿನ ಎಷ್ಟೋ ಹೊಸ ತಂಡಗಳಿಗೆ ಮೊದಲ ವೇದಿಕೆಯಾಯಿತು. ಅದು 2019ರಲ್ಲಿ ಬಾಗಿಲು ಹಾಕಿತು.

ಇಂಥ ವೇದಿಕೆಗಳ ಕಷ್ಟದ ಹಿಂದೆ ಒಂದು ಪದದ ಕಥೆಯೂ ಇದೆ. ಬೆಂಗಳೂರಿನ ಪೊಲೀಸ್ ಭಾಷೆಯಲ್ಲಿ, ಕನ್ನಡ ಪತ್ರಿಕೆಗಳ ಅಪರಾಧ ಪುಟದಲ್ಲಿ 'ಲೈವ್ ಬ್ಯಾಂಡ್' ಎಂದರೆ ಗಿಟಾರ್ ಹಿಡಿದ ನಾಲ್ಕು ಹುಡುಗರಲ್ಲ, ಹೆಣ್ಣುಮಕ್ಕಳು ಕುಣಿಯುವ ಬಾರು. ಅವುಗಳನ್ನು ಹದ್ದುಬಸ್ತಿನಲ್ಲಿಡಲು 2005ರಲ್ಲಿ ನಗರ ಪೊಲೀಸರು ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶ ಹೊರಡಿಸಿದರು. ಲೈವ್ ಬ್ಯಾಂಡ್ ರೆಸ್ಟೋರೆಂಟ್‌ಗಳವರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೂ ಹೋದರು. 2018ರ ಜನವರಿಯಲ್ಲಿ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಪರವಾನಗಿ ಕೇಳಲು ಹೊರಟಾಗ, ಕುಣಿತದ ಬಾರಿಗೆ ಬೀಸಿದ ಬಲೆಯಲ್ಲಿ ಗಿಟಾರಿನವರೂ ಸಿಕ್ಕಿಬಿದ್ದರು. ಮನೆಯನ್ನೋ ಹಳೇ ಕಟ್ಟಡವನ್ನೋ ಪಬ್ ಮಾಡಿಕೊಂಡವರ ಬಳಿ ಬೇಕಾದ ಕಾಗದಪತ್ರ ಇರಲಿಲ್ಲ. ಡ್ರಮ್ಮುಗಳು ಮೂಲೆ ಸೇರಿದವು.

ಸದ್ದಿನ ಮೇಲೆ ದೂರುವ ನಿವಾಸಿಗಳ ಕಡೆಯವನೂ ನಾನು ಹೌದು. ಪಕ್ಕದ ಬೀದಿಯ ಪಬ್ಬಿನ ಬಾಸು ರಾತ್ರಿ ಹನ್ನೊಂದಕ್ಕೆ ನನ್ನ ಕಿಟಕಿಯ ಗಾಜನ್ನು ನಡುಗಿಸಿದ್ದುಂಟು, ನಾನೇ ದೂರಿನ ಅರ್ಜಿಗೆ ಸಹಿ ಹಾಕಿದ್ದುಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರುವಂತಿಲ್ಲ. ಡೆಸಿಬೆಲ್ ಲೆಕ್ಕ ನಮ್ಮ ಕಿರಾಣಿ ಲೆಕ್ಕದ ಹಾಗಲ್ಲ; ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತುಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡರಷ್ಟು ಅನಿಸುತ್ತದೆ. ಆದರೆ ಪಬ್ಬಿನ ಡ್ರಮ್ಮು ನಿಂತ ರಾತ್ರಿಯೂ ನಮ್ಮ ಬೀದಿ ನಿಶ್ಶಬ್ದವಾಗಲಿಲ್ಲ. 2011ರ ಅಕ್ಟೋಬರಿನಿಂದ ಸಿ.ಎಂ.ಎಚ್. ರಸ್ತೆಯ ನೆತ್ತಿಯ ಮೇಲೆ ಮೆಟ್ರೊ ಓಡುತ್ತಿದೆ. ಕೆಳಗೆ ಹಾರ್ನು, ಪಕ್ಕದಲ್ಲಿ ಕೊರೆಯುವ ಯಂತ್ರ, ಜನರೇಟರು. ಇವಕ್ಕೆ ಯಾರೂ ಪರವಾನಗಿ ಕೇಳುವುದಿಲ್ಲ. ಸಂಗೀತದ ಸದ್ದಿಗೆ ವಿಳಾಸವಿದೆ, ಬಾಗಿಲು ತಟ್ಟಿ ನಿಲ್ಲಿಸಬಹುದು. ಉಳಿದದ್ದಕ್ಕೆ ಯಾರ ಬಾಗಿಲು ತಟ್ಟುವುದು?

ಹೀಗಾಗಿ ಬಾಡಿಗೆ ಕಡಿಮೆಯಿರುವ ಕಡೆಗೆ, ಪೂರ್ವದ ಅಂಚಿಗೆ, ರಾಮಮೂರ್ತಿನಗರಕ್ಕೆ, ಕೆ.ಆರ್. ಪುರಕ್ಕೆ ಹುಡುಗರು ಸರಿದರು. ಅಲ್ಲಿ ಅವರ ಕೂಗಿಗೆ ಯಾರ ಆಕ್ಷೇಪವೂ ಇಲ್ಲ, ಏಕೆಂದರೆ ಅದು ಯಾರಿಗೂ ಕೇಳಿಸುವುದೇ ಇಲ್ಲ. ರೈಲು, ಲಾರಿ, ಹೆದ್ದಾರಿ ಎಲ್ಲವೂ ಅದಕ್ಕಿಂತ ಜೋರು. ಜಾಗ ಸಿಗದೆ ಹೋದದ್ದು ಆ ನಾಲ್ಕು ಮೆಲ್ಲನೆಯ ಸಾಲುಗಳಿಗೆ.

ಮುದ್ರಣದ ಕಸುಬಿನಲ್ಲಿ ಇದಕ್ಕೆ ಕಾರಣವೂ ಇದೆ. ಕೂಗನ್ನು ಹಿಡಿಯುವ ಮೈಕು ಸ್ವಲ್ಪ ಕಿವುಡಾಗಿದ್ದರೂ ನಡೆಯುತ್ತದೆ. ಗಂಟಲು ಮೈಕಿಗೆ ಅಂಟಿಕೊಂಡಿರುವುದರಿಂದ ಉಳಿದ ಸದ್ದು ಹಿಂದೆ ಬೀಳುತ್ತದೆ. ಮೆಲುದನಿಗೆ ಚುರುಕು ಕಿವಿಯ ಮೈಕು ಬೇಕು. ಅದು ಉಸಿರನ್ನೂ ಹಿಡಿಯುತ್ತದೆ, ಉಸಿರಿನ ಹಿಂದಿನ ಊರನ್ನೂ ಹಿಡಿಯುತ್ತದೆ. ಆಮೇಲೆ ಎರಡೂ ದನಿ ಒಂದೇ ಮಟ್ಟದಲ್ಲಿ ಕೇಳಲೆಂದು ಕಂಪ್ರೆಸರ್ ಹಾಕಿ ಮೆಲುದನಿಯನ್ನು ಮೇಲೆತ್ತುತ್ತಾರೆ. ಅದರ ಜೊತೆ ಕುಕ್ಕರೂ ಮೇಲೇಳುತ್ತದೆ, ಈರುಳ್ಳಿಯವನೂ ಮೇಲೇಳುತ್ತಾನೆ. ಕೂಗು ತನ್ನ ಜಾಗವನ್ನು ತಾನೇ ಮಾಡಿಕೊಳ್ಳುತ್ತದೆ. ಮೆಲುದನಿಗೆ ಬೇರೆಯವರು ಸುಮ್ಮನಾಗಿ ಜಾಗ ಕೊಡಬೇಕು.

ಹಲಸೂರಿನ ಮನೆಯಲ್ಲಿ

ಎರಡು ದಿನ ಬಿಟ್ಟು ಆಂಪು ವಾಪಸು ಕೊಡಲು ಅಣ್ಣನ ಮನೆಗೆ ಹೋದೆ. ಹುಡುಗ ಸೋಫಾದ ತುದಿಯಲ್ಲಿ ಬಿಸಿನೀರಿನ ಲೋಟ ಹಿಡಿದು ಕೂತಿದ್ದ. ಮಾತಾಡಿಸಿದರೆ ತಲೆ ಆಡಿಸಿದ. ಮೊಬೈಲಿನಲ್ಲಿ ಬರೆದು ತೋರಿಸಿದ: 'ವಾಯ್ಸ್ ರೆಸ್ಟ್. ನಾಳೆ ಮಾತಾಡ್ತೀನಿ ಚಿಕ್ಕಪ್ಪ.' ಪಿಸುಗುಟ್ಟುವುದೂ ಬೇಡವಂತೆ, ಅದರಿಂದಲೂ ಗಂಟಲಿಗೆ ಆಯಾಸ. ಎರಡು ದಿನ ಪೂರ್ತಿ ಮೌನ.

ನಮ್ಮಮ್ಮ ಹುರುಳಿಕಾಯಿ ಸೋಸುತ್ತಾ ಕೂತಿದ್ದರು. ಎಂಬತ್ತು ದಾಟಿದೆ. ಅಪ್ಪ ರೈಲ್ವೆಯಲ್ಲಿದ್ದರು, ಅಮ್ಮ ಮೂವತ್ತು ವರ್ಷ ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರು.

"ಇವನು ಆ ಬ್ಯಾಂಡಲ್ಲಿ ಏನ್ ಮಾಡ್ತಾನೋ?" ಅಂತ ಕೇಳಿದರು.

"ಕಿರುಚ್ತಾನಮ್ಮ."

"ಇವನಾ? ಊಟಕ್ಕೆ ಕೂತ್ರೆ ಸಾರು ಬೇಕು ಅಂತ ಬಾಯಿ ಬಿಡಲ್ಲ."

ಹುಡುಗನಿಗೆ ನಗು ಬಂತು, ಸದ್ದಿಲ್ಲದ ನಗು. ಎದ್ದು ಬಂದು ಅಜ್ಜಿಯ ಕಿವಿಗೆ ಹೆಡ್‌ಫೋನ್ ಹಾಕಿದ. ಬೆಳಿಗ್ಗೆಯಷ್ಟೇ ಲ್ಯಾಪ್‌ಟಾಪಿನ ಹುಡುಗ ಹಾಡನ್ನು ಜೋಡಿಸಿ ಕಳಿಸಿದ್ದನಂತೆ. ಅಮ್ಮ ಹುರುಳಿಕಾಯಿ ಕೈಯಲ್ಲಿ ಹಿಡಿದೇ ಕೇಳಿದರು. ಮೆಲ್ಲನೆಯ ಸಾಲುಗಳು ಬಂದಾಗ ತಲೆ ತೂಗಿತು. ಕೂಗು ಬಂದಾಗ ಹುಬ್ಬು ಗಂಟಿಕ್ಕಿತು, ಆದರೆ ಹೆಡ್‌ಫೋನ್ ತೆಗೆಯಲಿಲ್ಲ. ಹಾಡು ಮುಗಿದ ಮೇಲೆ ಒಂದು ಕಿವಿಯದನ್ನು ಸರಿಸಿ ಕೇಳಿದರು:

"ನೀನು ಕೂಗ್ತಾ ಇರೋವಾಗ ಹಿಂದೆ ಒಂದು ಎಂಜಿನ್ ಕೂಗ್ತಲ್ಲ, ಅದು ಶೆಡ್ಡಿಗೆ ಹೋಗೋದಾ?"

ಹುಡುಗ ಎರಡು ದಿನಗಳಲ್ಲಿ ಮೊದಲ ಸಲ ಬಾಯಿ ತೆರೆದ.

"ಅಜ್ಜಿ, ನಿಂಗದು ಕೇಳಿಸ್ತಾ?"